ಸಿಹಿನೀರು ಕಾಣದ ಗಾಡಿ

ನಮ್ಮ ಮನೆಯಲ್ಲಿ ನೀರಿಗೂ ಜಾತಿ ಇತ್ತು. ಸೇಡಂನ ಹಳೇ ಊರಿನೊಳಗೆ, ಕಾಗಿಣಾ ಹೊಳೆಯ ಕಡೆಗೆ ಇಳಿಯುವ ಓಣಿಯಲ್ಲಿದ್ದ ಆ ಮನೆಯ ಗೋಡೆ ಕಲ್ಲು, ಮಾಳಿಗೆ ಕಲ್ಲು, ಕಾಲಿಟ್ಟಲ್ಲೆಲ್ಲ ಪರ್ಸಿಯ ಹಾಸುಗಲ್ಲು. ನೆಲದ ಕೆಳಗೂ ಅದೇ ಸುಣ್ಣದ ಕಲ್ಲು ಪದರ ಪದರವಾಗಿ ಮಲಗಿದ್ದರಿಂದ ಹಿತ್ತಲಿನ ಬೋರಿನ ನೀರು ಬಾಯಿಗಿಟ್ಟರೆ ನಾಲಿಗೆ ದಪ್ಪವಾಗುತ್ತಿತ್ತು. ಅದರಲ್ಲಿ ಬೇಳೆ ಬೇಯುತ್ತಿರಲಿಲ್ಲ, ಸಾಬೂನು ನೊರೆ ಬಿಡುತ್ತಿರಲಿಲ್ಲ. ಅದು ಸವುಳು ನೀರು. ಓಣಿಯ ತುದಿಯಲ್ಲಿದ್ದ ಮಠದ ಬಾವಿಯದು ಸಿಹಿನೀರು. ವಕೀಲನಾಗಿದ್ದ ನನ್ನ ಅಪ್ಪ ದಿನಾ ಬೆಳಗ್ಗೆ ತಲೆಯ ಮೇಲೆ ನೀರು ಸುರಿದುಕೊಂಡು, ಒದ್ದೆ ಧೋತ್ರದಲ್ಲಿ ಯಾರಿಗೂ ಮೈ ತಾಗಿಸದೆ ಹೋಗಿ ಆ ನೀರನ್ನು ಸೇದಿ ತರುತ್ತಿದ್ದ. ಒಳಗಿನ ಅಡುಗೆಮನೆಯ ತಾಮ್ರದ ಹಂಡೆಯಲ್ಲಿ ಅದು ರಾಜನ ಹಾಗೆ ಕೂತಿರುತ್ತಿತ್ತು. ದೇವರಿಗೆ, ಅಡುಗೆಗೆ, ಕುಡಿಯಲಿಕ್ಕೆ ಅದು. ಮಿಕ್ಕ ಎಲ್ಲದಕ್ಕೂ ಸವುಳು. ಮಡಿಯಲ್ಲಿ ಇಲ್ಲದವರು ಹಂಡೆಯ ಹತ್ತಿರ ಸುಳಿಯುವಂತಿರಲಿಲ್ಲ. ನಾನು ಆಟ ಆಡಿ ಬಾಯಾರಿ ಬಂದರೂ ಬಾಗಿಲಾಚೆ ಬೊಗಸೆ ಒಡ್ಡಿ ನಿಲ್ಲಬೇಕಿತ್ತು, ಅಜ್ಜಿ ಮೇಲಿನಿಂದ ಹೊಯ್ಯುತ್ತಿದ್ದಳು. ಸಿಟ್ಟು ಬರುತ್ತಿತ್ತು. ನನ್ನ ಸಿಟ್ಟಿನ ಸ್ವಭಾವಕ್ಕೆ ಮೊದಲ ಪಾಠ ಆ ಬಾಗಿಲಲ್ಲೇ ಆಗಿರಬೇಕು.

ಆ ಮನೆಯ ಇನ್ನೊಬ್ಬ ರಾಜ ಗಾಡಿ. ಹಿಂದೆ ಆಕಳು ಕಟ್ಟುತ್ತಿದ್ದ ಕೊಟ್ಟಿಗೆಯಲ್ಲಿ ಅದು ನಿಲ್ಲುತ್ತಿತ್ತು. ಅಜ್ಜ ಹೆಸರುವಾಸಿ ವಕೀಲನಾಗಿದ್ದ ಕಾಲದಲ್ಲಿ ಕೊಂಡ ಕಾರು ಅದು. ಅಜ್ಜ ತೀರಿಕೊಂಡ ಮೇಲೆ ವಕೀಲಿಯೂ ಗಾಡಿಯೂ ಅಪ್ಪನ ಪಾಲಿಗೆ ಬಂದವು, ಎರಡೂ ಸ್ವಲ್ಪ ತಳ್ಳಿದರೆ ನಡೆಯುವಂಥವು. ಅಜ್ಜಿಗೆ ಅದು ಗಾಡಿಯಲ್ಲ, ತೀರಿಹೋದ ಯಜಮಾನ. ಅದರ ಮುಂದೆ ಕೂಡ ತಲೆಯ ಮೇಲಿನ ಸೆರಗು ಜಾರದ ಹಾಗೆ ನೋಡಿಕೊಳ್ಳುತ್ತಿದ್ದಳು. ಬೆಳಗ್ಗೆ ಅಪ್ಪ ಕೀಲಿ ತಿರುಗಿಸಿದಾಗ ಅದು ಮೊದಲು ಗದರುತ್ತಿತ್ತು, ಆಮೇಲೆ ಕೆಮ್ಮುತ್ತಿತ್ತು, ಮನಸ್ಸು ಬಂದರೆ ಹೊರಡುತ್ತಿತ್ತು. ಅಜ್ಜನೂ ಹಾಗೇ ಇದ್ದ ಎಂದು ಅಮ್ಮ ನನ್ನ ಕಿವಿಯಲ್ಲಿ ಹೇಳಿ ನಗುತ್ತಿದ್ದಳು. ಒಮ್ಮೆ ಕಾಗಿಣಾ ಸೇತುವೆಯ ಇಳಿಜಾರಿನಲ್ಲಿ ಬ್ರೇಕು ಹತ್ತಲಿಲ್ಲ. ಅಪ್ಪ ರಸ್ತೆಬದಿಯಲ್ಲಿ ಒಟ್ಟಿದ್ದ ಪರ್ಸಿ ಗುಡ್ಡೆಗೆ ಮೂತಿ ಕೊಟ್ಟು ನಿಲ್ಲಿಸಿದ. ಇನ್ನೊಮ್ಮೆ ಚಿತ್ತಾಪುರದ ದಾರಿಯಲ್ಲಿ ಗೇರಿನ ಕೋಲು ಬುಡಸಮೇತ ಕಿತ್ತು ಬಂತು. ಅಪ್ಪ ಅದನ್ನು ಕೋರ್ಟಿನಲ್ಲಿ ಸಾಕ್ಷಿ ತೋರಿಸುವವನ ಹಾಗೆ ಎತ್ತಿ ಹಿಡಿದು ಸುಮ್ಮನೆ ಕೂತುಬಿಟ್ಟ. ವಾಡಿಯ ರೈಲ್ವೆ ಗೇಟಿನಲ್ಲಿ ಹಳಿಯ ಮೇಲೇ ಎಂಜಿನ್ ಬಂದ್ ಬಿದ್ದಾಗ, ಗೇಟಿನವನು ಗಂಟಲು ಹರಿಯುವ ಹಾಗೆ ಕೂಗುತ್ತಿರುವಾಗ, ಸೀರೆ ಎತ್ತಿ ಸಿಕ್ಕಿಸಿಕೊಂಡು ಹಿಂದಿನಿಂದ ತಳ್ಳಿದವಳು ಅಮ್ಮ. ಅಜ್ಜಿ ಒಳಗೆ ಕೂತು ವಿಷ್ಣುಸಹಸ್ರನಾಮ ಹೇಳಿಕೊಳ್ಳುತ್ತಿದ್ದಳು. ಗಾಡಿ ಆಚೆ ದಾಟಿದ್ದು ಯಾರಿಂದ ಎಂಬ ಬಗ್ಗೆ ಮನೆಯಲ್ಲಿ ಬಹಳ ದಿನ ಎರಡು ಅಭಿಪ್ರಾಯವಿತ್ತು.

ಇವೆಲ್ಲ ಸಣ್ಣ ಕಾಯಿಲೆ. ದೊಡ್ಡದು ಒಳಗೆ ಬೆಳೆಯುತ್ತಿತ್ತು. ಗಾಡಿ ಬರಬರುತ್ತ ಬೇಗ ಕಾಯತೊಡಗಿತು. ಮೊದಲು ಕಲಬುರಗಿ ಮುಟ್ಟಿದ ಮೇಲೆ, ಆಮೇಲೆ ನಡುದಾರಿಯಲ್ಲಿ, ಆಮೇಲೆ ಊರ ಹೊರಗಿನ ಸಿಮೆಂಟ್ ಫ್ಯಾಕ್ಟರಿ ದಾಟುವಷ್ಟರಲ್ಲಿ ಮೂತಿಯಿಂದ ಹಬೆ. ಬಸ್‌ಸ್ಟ್ಯಾಂಡಿನ ಮಹಬೂಬ್ ಮಿಸ್ತ್ರಿ ಅಪ್ಪನ ಜೀವದ ಗೆಳೆಯ. ಅವನಿಗೆ ಗೆಳೆತನವೂ ಗೊತ್ತಿತ್ತು, ಚಹಾ ತರಿಸುವುದೂ ಗೊತ್ತಿತ್ತು, ಈ ಗಾಡಿಯ ರೋಗ ಮಾತ್ರ ಗೊತ್ತಾಗಲಿಲ್ಲ.

"ಗಾಡಿ ಅಂದ್ರ ಗರಂ ಆಗೇ ಆಗ್ತದ ವಕೀಲ್ ಸಾಬ್. ಇದಕ್ಕ ಯಾರದೋ ನಜರ್ ಹತ್ಯಾದ, ಮತ್ತೇನಿಲ್ಲ" ಎಂದು ಅವನು ಬಂಪರಿಗೆ ನಿಂಬೆಹಣ್ಣು ಮೆಣಸಿನಕಾಯಿ ಕಟ್ಟಿ ಕಳಿಸಿದ.

ರೋಗ ಹಿಡಿದವಳು ಅಮ್ಮ. ಮದುವೆಗೆ ಮುಂಚೆ ಬಿಎಸ್ಸಿ, ಬಿಎಡ್ ಮುಗಿಸಿ ಬಂದವಳು. ಆ ಮನೆಯಲ್ಲಿ ಅವಳ ವಿಜ್ಞಾನಕ್ಕೆ ಕೆಲಸವಿರಲಿಲ್ಲ. ಒಂದು ದಿನ ಬಚ್ಚಲಿನ ನೀರು ಕಾಯಿಸುವ ಹಂಡೆಯ ಒಳಗೆ ಕಟ್ಟಿಕೊಂಡಿದ್ದ ಬಿಳಿಯ ಹಕ್ಕಳೆಯನ್ನು ಚಾಕುವಿನಿಂದ ಕೆತ್ತಿ, ಊಟಕ್ಕೆ ಕೂತಿದ್ದ ಅಪ್ಪನ ಎಡಗೈಯಲ್ಲಿ ಹಾಕಿದಳು.

"ಏನಿದು?"

"ಸುಣ್ಣ. ನಮ್ಮ ಸವುಳು ನೀರು ಕಾಸಿದಲ್ಲೆಲ್ಲ ಇದು ಕೂಡ್ತದ. ಗಾಡಿ ರೇಡಿಯೇಟರ್‌ನಾಗ ಇಷ್ಟು ವರ್ಷ ಇದೇ ನೀರು ಹಾಕ್ಲಿಕತ್ತೀರಿ. ಒಳಗಿನ ನಳಿಗೆ ಎಲ್ಲಾ ಕಟ್ಟಿಹೋಗಿರ್ತಾವ. ಮೊದಲ ಅದನ್ನ ಬಿಚ್ಚಿಸಿ ತೊಳಸ್ರಿ, ಆಮೇಲೆ ದಿನಾ ಒಂದು ಕೊಡ ಸೀನೀರು ಹಾಕ್ರಿ."

ಅಪ್ಪ ಕೈಯಲ್ಲಿದ್ದ ಸುಣ್ಣವನ್ನೂ ಅಡುಗೆಮನೆಯ ಬಾಗಿಲನ್ನೂ ನೋಡಿದ. ಬಾಗಿಲಲ್ಲಿ ಅಜ್ಜಿ ಇದ್ದಳು.

"ದೇವರಿಗೆ ಇಟ್ಟ ನೀರು ಗಾಡಿಗೆ ಕುಡಸ್ತೀರೇನು? ನಿಮ್ಮ ಮಾವನವ್ರು ಇದ್ದಾಗ ಇದೇ ಸವುಳು ಕುಡದು ಬೆಂಗಳೂರ ತನಕಾ ಹೋಗಿ ಬಂದದ" ಎಂದಳು ಅಜ್ಜಿ.

"ನೋಡೋಣು" ಎಂದ ಅಪ್ಪ. ಅದು ಅಪ್ಪನ ಮಾತು. ಕಕ್ಷಿದಾರರಿಗೂ ಅದೇ, ಹೆಂಡತಿಗೂ ಅದೇ, ತಾಯಿಗೂ ಅದೇ. ಯಾರ ಮನಸ್ಸನ್ನೂ ನೋಯಿಸಬಾರದು ಎಂದು ಬದುಕಿದ ಮನುಷ್ಯ ಎಷ್ಟು ಜನರನ್ನು ಎಷ್ಟು ದಿನ ಕಾಯಿಸಬಲ್ಲ ಎಂಬುದನ್ನು ನಾನು ನಮ್ಮ ಅಪ್ಪನಲ್ಲಿ ನೋಡಿದ್ದೇನೆ. ಗಾಡಿಗೆ ಸವುಳು ನೀರೇ ಮುಂದುವರಿಯಿತು.

ಆ ವರ್ಷ ಬೇಸಿಗೆ ಮುಗಿದು ಮಳೆ ಇನ್ನೂ ಬಾರದ ದಿನಗಳಲ್ಲಿ ಅಮ್ಮನಿಗೆ ಸರ್ಕಾರಿ ಶಾಲೆಯ ವಿಜ್ಞಾನ ಶಿಕ್ಷಕಿಯಾಗಿ ಆರ್ಡರ್ ಬಂತು. ಕುಂಚಾವರಂ ಕಡೆಯ ಒಂದು ಹಳ್ಳಿ. ಚಿಂಚೋಳಿ ದಾಟಿ, ಅಡವಿಯ ಏರು ಹತ್ತಿ ಹೋಗಬೇಕು. ಹೇಳಿದ ದಿನದ ಸಂಜೆಯೊಳಗೆ ಹಾಜರಾಗದಿದ್ದರೆ ಆ ಜಾಗ ಮುಂದಿನವರಿಗೆ ಹೋಗುತ್ತದೆ. ಅಮ್ಮನಿಗೆ ಅರ್ಜಿ ಹಾಕುವ ವಯಸ್ಸು ಆ ವರ್ಷಕ್ಕೆ ಮುಗಿಯುತ್ತಿತ್ತು. ಅವಳು ಅರ್ಜಿ ಹಾಕಿದ್ದೇ ನಮಗ್ಯಾರಿಗೂ ಗೊತ್ತಿರಲಿಲ್ಲವೆಂದಲ್ಲ, ಗೊತ್ತಿದ್ದೂ ಯಾರೂ ಅದನ್ನು ನಂಬಿರಲಿಲ್ಲ. ಈಗ ಮನೆ ನಡುಗಿತು. ಊಟದ ಪಂಕ್ತಿಯಲ್ಲಿ ಸಾರು ಬಡಿಸುವ ಸೌಟಿನ ಸದ್ದೂ ಜಗಳದ ಸದ್ದಿನಂತೆ ಕೇಳತೊಡಗಿತು.

"ಕುಂಚಾವರಂ ಕಡೀ ಅಂದ್ರ ಅದು ಊರೇನು? ಅಡವಿ. ಅಲ್ಲಿ ಮಡಿಗೆ ನೀರು ಯಾರು ಸೇದ್ತಾರ? ಇಲ್ಲಿ ಈ ವಯಸ್ಸಿನ್ಯಾಗ ನಂಗ ಒಂದು ತುತ್ತು ಬೇಯಿಸಿ ಹಾಕೋರು ಯಾರು?" ಅಜ್ಜಿ ಕೇಳಿದಳು.

"ಶನಿವಾರಕ್ಕ ಬರ್ತೀನಿ ಅತ್ಯಾ. ಆಮೇಲೆ ಬದಲಿ ಮಾಡಿಸ್ಕೊಂಡು ಇಲ್ಲೇ ಬರ್ತೀನಿ. ಈ ಸಲ ಬಿಟ್ರ ನನ್ನ ಮತ್ತ ಯಾರೂ ಕರಿಯೂದಿಲ್ಲ."

"ಏನು ಕಡಿಮಿ ಆಗ್ಯಾದ ನಿಂಗ ಈ ಮನ್ಯಾಗ?"

ಏನು ಕಡಿಮೆಯಾಗಿದೆ ಎಂದು ಆ ಮನೆಯಲ್ಲಿ ಹೇಳಲು ಹೋದರೆ ಮೊದಲು ಎದುರಿಗಿರುವವರಿಗೆ ಬೇರೆ ಭಾಷೆ ಕಲಿಸಬೇಕಿತ್ತು. ಅಪ್ಪ "ನೋಡೋಣು" ಎಂದ. ಆಗ ಅಮ್ಮ ಊಟದ ಮಧ್ಯದಲ್ಲಿ ಎದ್ದುಬಿಟ್ಟಳು. ಎಲೆ ಬಿಟ್ಟು ಏಳುವುದು ನಮ್ಮಲ್ಲಿ ಸಾಮಾನ್ಯ ವಿಷಯವಲ್ಲ. ಮಾರನೇ ದಿನವೂ ಊಟ ಮಾಡಲಿಲ್ಲ. ಮೂರನೇ ದಿನ ಅಜ್ಜಿ ಅರ್ಧ ಸೋತಳು.

"ಹೋಗೂದೇ ಅದ ಅಂದ್ರ ನಾನೂ ಬಂದು ಆ ಜಾಗ ನೋಡ್ತೀನಿ. ಬಸ್ಸಿನ್ಯಾಗ ಕಂಡಕಂಡೋರ ಮೈಗೆ ಮೈ ಹಚಗೊಂಡು ನಾ ಬರೂದಿಲ್ಲ. ಗಾಡಿ ಅದ, ಗಾಡ್ಯಾಗ ಹೋಗೋಣು. ಹೋಗೂ ದಿನಾ ಯಾವದು ಅಂತ ನಾ ನೋಡಿ ಹೇಳ್ತೀನಿ."

ಅರ್ಧ ಸೋತವರು ಉಳಿದರ್ಧದಲ್ಲಿ ಏನು ಮಾಡಬಲ್ಲರು ಎಂಬುದು ಆಮೇಲೆ ಗೊತ್ತಾಯಿತು. ಅಜ್ಜಿ ಪಂಚಾಂಗ ತೆಗೆದು ಕೂತಳು. ಒಂದು ದಿನ ಅಮಾವಾಸ್ಯೆ ಎಂದಳು, ಒಂದು ದಿನ ವಾರಶೂಲಿ ಎಂದಳು, ಆ ದಿಕ್ಕಿಗೆ ಹೋಗಬಾರದು. ಇನ್ನೊಂದು ದಿನ ತನಗೇ ಏಕಾದಶಿ ಉಪವಾಸ. ಹೀಗೆ ತಳ್ಳಿ ತಳ್ಳಿ ಅವಳು ಆರಿಸಿದ್ದು ಕಡೆಯ ದಿನವನ್ನೇ. ಬೇಕೆಂದೇ ಮಾಡಿದಳೆಂದು ಅಮ್ಮ, ಶಾಸ್ತ್ರ ಇದ್ದದ್ದೇ ಹಾಗೆ ಎಂದು ಅಪ್ಪ. ಆ ದಿನ ಬೆಳಗ್ಗೆಯೂ ರಾಹುಕಾಲ ಕಳೆಯಲಿ ಎಂದು ಅಜ್ಜಿ ದೇವರ ಮುಂದೆ ಕೂತಳು. ಅಮ್ಮ ಇಸ್ತ್ರಿ ಸೀರೆ ಉಟ್ಟು, ಕೈಚೀಲ ಮಡಿಲಲ್ಲಿಟ್ಟುಕೊಂಡು, ಕೊಟ್ಟಿಗೆಯಲ್ಲಿ ನಿಂತಿದ್ದ ಗಾಡಿಯೊಳಗೆ ಹೋಗಿ ಕೂತುಬಿಟ್ಟಳು. ಕಿಟಕಿಯ ಗಾಜು ಇಳಿಯುತ್ತಿರಲಿಲ್ಲ. ರಾಹುಕಾಲ ಮುಗಿಯುವ ತನಕ ಅವಳು ಆ ಸೆಖೆಯಲ್ಲಿ ಅಲುಗಾಡದೆ ಮುಂದೆ ನೋಡುತ್ತ ಕೂತಿದ್ದಳು. ಮುಂದೆ ಇದ್ದದ್ದು ಕೊಟ್ಟಿಗೆಯ ಗೋಡೆ.

ಹೊರಟೆವು. ಹಿಂದಿನ ಸೀಟಿನ ತುಂಬ ಅಜ್ಜಿ ಒಬ್ಬಳೇ, ಮಡಿಯ ಸೀರೆಯಲ್ಲಿ. ಅವಳ ತೊಡೆಯ ಮೇಲೆ ಸಿಹಿನೀರು ತುಂಬಿ ಬಾಳೆಎಲೆಯಿಂದ ಬಾಯಿ ಕಟ್ಟಿದ ತಾಮ್ರದ ಬಿಂದಿಗೆ. ಹೊರಗಿನ ನೀರು ಅವಳು ಕುಡಿಯುತ್ತಿರಲಿಲ್ಲ. ಅವಳಿಗೆ ಮೈ ತಾಗಬಾರದೆಂದು ಮುಂದಿನ ಉದ್ದ ಸೀಟಿನಲ್ಲಿ ಅಪ್ಪ ಅಮ್ಮನ ನಡುವೆ ನನ್ನನ್ನು ತುರುಕಿದ್ದರು. ಡಿಕ್ಕಿಯಲ್ಲಿ ಒಂದು ಕ್ಯಾನು ಸವುಳು ನೀರು ಗಾಡಿಗೆ. ಗಾಡಿಯ ಕಾವು ತೋರಿಸುವ ಮುಳ್ಳು ಎಂದೋ ಸತ್ತುಹೋಗಿತ್ತು; ಅಪ್ಪ ವಾಸನೆಯಿಂದ ತಿಳಿಯುತ್ತಿದ್ದ, ಅದಕ್ಕೂ ಮೊದಲು ನನ್ನ ಅಂಗಾಲಿಗೆ ತಿಳಿಯುತ್ತಿತ್ತು. ಕಾಲ ಕೆಳಗಿನ ತಗಡು ಬೆಚ್ಚಗಾಗುತ್ತಿದ್ದ ಹಾಗೆ ನಾನು ಅಮ್ಮನ ಮುಖ ನೋಡುತ್ತಿದ್ದೆ. ಸುಲೇಪೇಟ ದಾಟುವ ಮೊದಲೇ ಮೊದಲ ಹಬೆ ಎದ್ದಿತು. ನಿಲ್ಲಿಸಿ, ಆರಲು ಬಿಟ್ಟು, ಕ್ಯಾನು ಬರಿದು ಮಾಡಿ ಮತ್ತೆ ಹೊರಟೆವು. ಚಿಂಚೋಳಿ ಮುಟ್ಟಿದಾಗ ಹೊತ್ತು ನೆತ್ತಿಯಿಂದ ಇಳಿಯತೊಡಗಿತ್ತು. ಅಲ್ಲಿ ಕ್ಯಾನು ತುಂಬಿಸಿಕೊಳ್ಳುವಾಗ ಎದುರಿಗೇ ಕುಂಚಾವರಂ ಬಸ್ಸು ನಿಂತಿತ್ತು. ಕಂಡಕ್ಟರು ಬಾಗಿಲಲ್ಲಿ ನಿಂತು ಕೂಗುತ್ತಿದ್ದ.

"ನಾ ಬಸ್ಸಿಗೆ ಹೋಗ್ತೀನಿ. ನೀವು ಹಿಂದಿಂದ ನಿಧಾನ ಬರ್ರಿ" ಎಂದಳು ಅಮ್ಮ.

"ಇಲ್ಲೀತನ ಬಂದು ನಮ್ಮನ್ನ ಬಿಟ್ಟು ಹೋಗ್ತೀಯೇನು? ಇನ್ನೇನು ಬಂದೇ ಬಿಡ್ತದ ಸುಧಾ. ಅವ್ವಗ ಕೆಟ್ಟ ಅನಸ್ತದ" ಎಂದ ಅಪ್ಪ.

ಅಜ್ಜಿ ಹಿಂದಿನ ಸೀಟಿನಿಂದ ಎಲ್ಲ ಕೇಳಿಸಿಕೊಂಡು ಏನೂ ಕೇಳಿಸದವಳಂತೆ ಕೂತಿದ್ದಳು. ಅಮ್ಮ ಬಸ್ಸು ಹೋಗುವುದನ್ನು ನೋಡಿದಳು. ಬಸ್ಸಿನ ಧೂಳು ಕೆಳಗಿಳಿಯುವ ತನಕ ನಿಂತು ನೋಡಿ, ಬಂದು ಕೂತು ಬಾಗಿಲು ಎಳೆದುಕೊಂಡಳು. ಅದು ಒಂದೇ ಎಳೆತಕ್ಕೆ ಹತ್ತುವ ಬಾಗಿಲಲ್ಲ, ಅವತ್ತು ಹತ್ತಿತು.

ಏರು ಶುರುವಾಗುವಲ್ಲೇ ಗಾಡಿ ಮತ್ತೆ ಬಿಸಿಯಾಯಿತು. ಕ್ಯಾನು ಮತ್ತೆ ಬರಿದಾಯಿತು. ಅಲ್ಲಿಂದ ಮುಂದೆ ನೆಲದ ಬಣ್ಣ ಬೇರೆ. ನಮ್ಮ ಕಡೆಯ ಕರಿ ಎರೆ, ಬಿಳಿ ಕಲ್ಲು ಹೋಗಿ ಕೆಂಪು ಮಣ್ಣು, ಎಲೆ ಉದುರಿಸಿ ನಿಂತ ಗಿಡಗಳು. ಹಳ್ಳಗಳೆಲ್ಲ ಒಣಗಿ ಬರೀ ಕಲ್ಲು. ಗಾಡಿ ಮುದುಕನ ಹಾಗೆ ಒಂದೊಂದು ತಿರುವಿನಲ್ಲೂ ನಿಂತು ನಿಂತು ಏರುತ್ತಿತ್ತು. ನನ್ನ ಅಂಗಾಲು ಸುಡತೊಡಗಿತು. ನಾನು ಕಾಲನ್ನು ಮೇಲೆತ್ತಿ ಸೀಟಿನ ಮೇಲಿಟ್ಟುಕೊಂಡೆ. ಯಾರೂ ಬಯ್ಯಲಿಲ್ಲ. ಸುಟ್ಟ ರಬ್ಬರಿನ ವಾಸನೆ ಬಂತು, ಕಟಕಟ ಎಂದು ಒಳಗೆ ಏನೋ ಬಡಿಯಿತು, ಮುಂದಿನ ಗಾಜು ಪೂರ್ತಿ ಬೆಳ್ಳಗಾಯಿತು. ಅಪ್ಪ ಗಾಡಿಯನ್ನು ರಸ್ತೆಯ ಪಕ್ಕಕ್ಕೆ ತಂದು ನಿಲ್ಲಿಸಿದ, ಅಥವಾ ಗಾಡಿಯೇ ಅಪ್ಪನನ್ನು ಅಲ್ಲಿ ನಿಲ್ಲಿಸಿತು. ಅವನು ಟವೆಲ್ಲು ಸುತ್ತಿ ರೇಡಿಯೇಟರಿನ ಮುಚ್ಚಳ ತಿರುವಿದ. ಹಬೆ ಬುಸ್ಸೆಂದು ಮೇಲೆದ್ದು ಅವನ ಮಣಿಕಟ್ಟು ಸುಟ್ಟಿತು. ಅಪ್ಪ ಕೂಗಲಿಲ್ಲ, ಕೈಯನ್ನು ಅಂಗಿಗೆ ಒತ್ತಿಕೊಂಡು ಕಣ್ಣು ಮುಚ್ಚಿ ನಿಂತ. ಒಳಗೆ ಹನಿ ನೀರಿಲ್ಲ. ಸುತ್ತಲೂ ಮನೆಯಿಲ್ಲ, ಬಾವಿಯಿಲ್ಲ, ಮನುಷ್ಯರ ಸುಳಿವಿಲ್ಲ. ಅಮ್ಮ ಹೊತ್ತು ಎಷ್ಟಾಗಿದೆ ಎಂದು ಸೂರ್ಯನ ಕಡೆ ನೋಡಿದಳು, ಆಮೇಲೆ ಅಜ್ಜಿಯ ತೊಡೆಯ ಮೇಲಿನ ಬಿಂದಿಗೆಯ ಕಡೆ ನೋಡಿದಳು. ಅಪ್ಪನೂ ನೋಡಿದ. ನಾನೂ ನೋಡಿದೆ. ಕೇಳುವ ಧೈರ್ಯ ಯಾರಿಗೂ ಇಲ್ಲ. ಆ ನೀರು ಕೊಟ್ಟರೆ ಮನೆ ಮುಟ್ಟುವ ತನಕ ಅಜ್ಜಿಗೆ ಕುಡಿಯಲಿಕ್ಕೆ ಗುಟುಕು ಇಲ್ಲ, ಅದೂ ಅಂಥ ಬಿಸಿಲಿನಲ್ಲಿ.

"ಎಲ್ಲಾರೂ ನನ್ನ ಯಾಕ ನೋಡ್ಲಿಕತ್ತೀರಿ?" ಅಜ್ಜಿ ಕೇಳಿದಳು.

ಅಪ್ಪ ನೆಲ ನೋಡಿದ. ಅಮ್ಮನೇ ಹತ್ತಿರ ಹೋದಳು.

"ಅತ್ಯಾ, ಕೇಳಬಾರ್ದು, ಆದ್ರೂ ಕೇಳ್ತೀನಿ. ಅದರಾಗ ಅರ್ಧ ಕೊಡ್ರಿ. ಶಾಳಿ ಬಾಗಲಾ ಹಾಕೂದ್ರೊಳಗ ಮುಟ್ಟದಿದ್ರ ಮುಗೀತು. ನಂಗ ಜಲ್ಮದಾಗ ಇದೊಂದೇ ಬಂದದ."

ಅಜ್ಜಿ ಮಡಿಯ ಸೆರಗಿನ ತುದಿಯಿಂದ ಬಿಂದಿಗೆಯ ಹೊಟ್ಟೆ ಒರೆಸಿದಳು. ಆಮೇಲೆ ಬಾಗಿಲು ತೆಗೆದು ಇಳಿದಳು. ಬಾಳೆಎಲೆ ಕಿತ್ತು ಒಗೆದು, ಬಿಂದಿಗೆಯನ್ನು ಎರಡೂ ಕೈಯಲ್ಲಿ ಎದೆಯ ಮಟ್ಟಕ್ಕೆ ಎತ್ತಿ ಹಿಡಿದು ಗಾಡಿಯ ಮುಂದಕ್ಕೆ ನಡೆದಳು. ನಾವು ಮೂವರೂ ಹಿಂದೆ ಸರಿದೆವು. ಯಾರ ಮೈ ತಾಗಿದರೂ ಮಡಿ ಕೆಡುತ್ತದೆ.

"ಅತ್ಯಾ, ತಡೀರಿ! ಎಂಜಿನ್ ಉರೀಲಿಕತ್ತದ. ಈಗ ತಣ್ಣನ್ನ ನೀರು ಬಿದ್ರ ಸೀಳ್ತದ, ಸ್ವಲ್ಪ ಆರಲಿ" ಎಂದಳು ಅಮ್ಮ.

"ತಡಿಯೂದಿಲ್ಲ. ಮನಸ್ಸು ಬದಲಾಗೂದ್ರಾಗ ಹಾಕ್ತೀನಿ. ಸರೀರಿ."

ಅಮ್ಮ ಮುಂದೆ ನುಗ್ಗಿದಳು. ಅವಳ ಕೈ ಅಜ್ಜಿಯ ಮೊಣಕೈಯ ಹತ್ತಿರಕ್ಕೆ ಹೋಯಿತು, ಒಂದು ಗೇಣು ದೂರದಲ್ಲಿ ನಿಂತಿತು. ಮದುವೆಯಾದಾಗಿನಿಂದ ದಿನಾ ಬೆಳಗ್ಗೆ ತಪ್ಪಿಸಿ ತಪ್ಪಿಸಿ ನಡೆದ ಮೈ ಅದು; ಹಿಡಿಯಬೇಕೆಂದರೂ ಕೈ ಕೇಳಲಿಲ್ಲ. ಅಮ್ಮ ಗಂಡನ ಕಡೆ ತಿರುಗಿ ಕಿರಿಚಿದಳು.

"ರೀ, ಹಿಡೀರಿ ಅವರನ್ನ!"

ಅಪ್ಪ ಸುಟ್ಟ ಕೈಯನ್ನೂ ಒಳ್ಳೆಯ ಕೈಯನ್ನೂ ಜೋಡಿಸಿಕೊಂಡು ಅಭಿಷೇಕ ನೋಡುವವನ ಹಾಗೆ ನಿಂತಿದ್ದ. ತಾಯಿ ಕೊನೆಗೂ ಒಪ್ಪಿದಳಲ್ಲ ಎಂಬ ಸಂತೋಷದಲ್ಲಿ ಅವನ ಕಣ್ಣು ತುಂಬಿತ್ತು. ಅಜ್ಜಿ ಸುರಿದಳು. ಅರ್ಧವಲ್ಲ, ಇಡೀ ಬಿಂದಿಗೆ, ಒಂದೇ ಧಾರೆಯಲ್ಲಿ, ಏನೋ ಮಂತ್ರ ಹೇಳಿಕೊಳ್ಳುತ್ತ. ಒಂದು ಗಳಿಗೆ ಏನೂ ಆಗಲಿಲ್ಲ. ಆಮೇಲೆ ಒಳಗಿನಿಂದ ಠಣ್ಣೆಂದು ಸದ್ದು ಬಂತು. ಪರ್ಸಿ ಕಲ್ಲನ್ನು ಉಳಿಯಿಂದ ಒಡೆದಾಗ ಬರುವ ಸದ್ದು. ನಮ್ಮ ಕಡೆ ಹುಟ್ಟಿದವರಿಗೆ ಅದರ ಅರ್ಥ ಹೇಳಬೇಕಾಗಿಲ್ಲ. ಎಂಜಿನ್ನಿನ ಪಕ್ಕದಿಂದ ನೀರು ಮೊದಲು ಹನಿಹನಿಯಾಗಿ, ಆಮೇಲೆ ಬೆರಳುದಪ್ಪ ಇಳಿದು ಕೆಂಪು ಮಣ್ಣಿನಲ್ಲಿ ಇಂಗಿತು.

ಅಪ್ಪ ಬಗ್ಗಿ ನೋಡಿ, ಎದ್ದು ನಿಂತು, ಬಾನೆಟ್ಟನ್ನು ಮೆಲ್ಲಗೆ ಇಳಿಸಿದ. ಅಷ್ಟು ಮೆಲ್ಲಗೆ ಅವನು ಅದನ್ನು ಎಂದೂ ಇಳಿಸಿರಲಿಲ್ಲ. ಅಜ್ಜಿ ಬರಿದಾದ ಬಿಂದಿಗೆ ಹಿಡಿದುಕೊಂಡು ಅಮ್ಮನ ಎದುರಿಗೆ ಬಂದು ನಿಂತಳು. ಅವಳ ಮುಖದಲ್ಲಿ ನಾನು ಅಲ್ಲಿಯ ತನಕ ಹೆದರಿಕೆ ನೋಡಿರಲಿಲ್ಲ.

"ನಾ ಬೇಕಂತ ಮಾಡಿದ್ದಲ್ಲ ಸುಧಾ."

ಅಮ್ಮ ಕೈಚೀಲವನ್ನು ಹೆಗಲಿಗೆ ಏರಿಸಿಕೊಂಡಳು.

"ಹೋಗೂ ದಿನಾ ಮುಂದ ಹಾಕಿದ್ದು ನಾನೇ. ಅದು ಬೇಕಂತಲೇ ಮಾಡೀನಿ, ಸುಳ್ಳು ಹೇಳೂದಿಲ್ಲ. ಆದ್ರ ಇದು ಅಲ್ಲ. ಇದು ಖರೇನೇ ಕೊಟ್ಟಿದ್ದೆ."

"ಗೊತ್ತದ ಅತ್ಯಾ" ಎಂದಳು ಅಮ್ಮ. ಅವಳ ದನಿಯಲ್ಲಿ ಸಿಟ್ಟೂ ಇರಲಿಲ್ಲ, ಕರುಣೆಯೂ ಇರಲಿಲ್ಲ. ಅವಳು ರಸ್ತೆ ನೋಡುತ್ತಿದ್ದಳು.

"ಇನ್ನ ಬಿಡು ಸುಧಾ. ನಾಳೆ ನಾ ಆಫೀಸಿಗೆ ಹೋಗಿ ಮಾತಾಡಿ ನೋಡ್ತೀನಿ. ನಮಗ ಗೊತ್ತಿದ್ದೋರು ಇದ್ದಾರ. ನೋಡೋಣು" ಎಂದ ಅಪ್ಪ.

ಆ ಮಾತು ಕೇಳಿ ನನಗೆ ಅಪ್ಪನ ಮೇಲೆ ಬಂದ ಸಿಟ್ಟು ಇವತ್ತಿಗೂ ನೆನಪಿದೆ. ಹೊಡೆಯಬೇಕೆನಿಸಿತ್ತು. ಆಗಲೇ ಕೆಳಗಿನ ತಿರುವಿನಲ್ಲಿ ಜೀಪಿನ ಸದ್ದು ಕೇಳಿತು. ಸಂತೆಯಿಂದ ಮರಳುತ್ತಿದ್ದ ಬಾಡಿಗೆ ಜೀಪು, ಒಳಗೆ ಮಂದಿ, ಹಿಂದೆ ಜೋತುಬಿದ್ದ ಮಂದಿ, ಮೇಲೆ ಕಟ್ಟಿದ ಗೋಣಿಚೀಲ, ಕೋಳಿ. ಅಪ್ಪ ಕೈ ಎತ್ತುವುದೋ ಬೇಡವೋ ಎಂದು ನೋಡುತ್ತಿರುವಾಗ ಅಜ್ಜಿ ನಡುರಸ್ತೆಗೆ ಹೋಗಿ ಬಿಂದಿಗೆಯನ್ನು ಅಡ್ಡ ಹಿಡಿದು ನಿಂತಳು. ಜೀಪಿನವನು ಬ್ರೇಕು ಒತ್ತಿ ಬಯ್ಯಲು ಬಾಯಿ ತೆರೆದವನು ಮುದುಕಿಯನ್ನು ನೋಡಿ ಮುಚ್ಚಿದ.

"ಇಬ್ಬರಿಗಿ ಜಾಗಾ ಆಗ್ತದ ಅಜ್ಜೀ, ಮತ್ತ ಆಗೂದಿಲ್ಲ. ಜಲ್ದಿ ಹತ್ರಿ" ಎಂದ ಅವನು.

ಅಪ್ಪ ಒಂದು ಹೆಜ್ಜೆ ಮುಂದಿಟ್ಟು ಅಜ್ಜಿಯ ಕಡೆ ನೋಡಿದ. ಅವಳನ್ನು ಆ ಅಡವಿಯಲ್ಲಿ ಒಬ್ಬಳೇ ಬಿಟ್ಟು ಬರುವಂತಿರಲಿಲ್ಲ.

"ನೀ ನನ್ನ ಹತ್ರ ಇರು" ಎಂದಳು ಅಜ್ಜಿ ಮಗನಿಗೆ. ಆಮೇಲೆ ಅಮ್ಮನಿಗೆ: "ಹತ್ತು. ಇವತ್ತ ನೀ ಅಲ್ಲಿ ಮುಟ್ಟಲಿಲ್ಲಂದ್ರ ಸಾಯೂತನಕ ಈ ಪಾಪ ನನ್ನ ತಲೀಮ್ಯಾಲೆ. ಅದನ್ನ ಹೊತಗೊಂಡು ನಾ ತಿರಗೂದಿಲ್ಲ. ಪಮ್ಮೀ, ನೀನೂ ಹತ್ತು. ಇಷ್ಟು ಮಂದ್ಯಾಗ ಅಮ್ಮನ್ನ ಒಬ್ಬಾಕೀನ ಕಳಸಬಾರ್ದು."

ಅಮ್ಮನ ರಕ್ಷಣೆಗೆ ಮೂರನೇ ಇಯತ್ತೆಯ ನಾನು! ಪ್ರೀತಿಯಿಂದ ಕಳಿಸಿದಳೆಂದು ನಾನು ಹೇಳಲಾರೆ. ಅಜ್ಜಿ ತನ್ನ ಲೆಕ್ಕದಲ್ಲಿ ಸರಿಯಾಗಿದ್ದಳು, ಯಾವಾಗಲೂ ಹಾಗೇ ಇದ್ದಳು. ಅಮ್ಮ ನನ್ನನ್ನು ಎತ್ತಿ ಒಳಗೆ ಹಾಕಿ, ತಾನು ಹಿಂದಿನ ಮೆಟ್ಟಿಲ ಹಲಗೆಯ ಮೇಲೆ ಕಾಲಿಟ್ಟು ಕಂಬಿ ಹಿಡಿದಳು. ಹಿಂತಿರುಗಿ ನೋಡಲಿಲ್ಲ. ನಾನು ನೋಡಿದೆ. ಅಪ್ಪ ಸುಟ್ಟ ಕೈಯನ್ನು ಬೀಸುತ್ತಿದ್ದ. ಅವರಿಬ್ಬರೂ ಕಟ್ಟಿಗೆಯ ಲಾರಿ ಹತ್ತಿ ಊರು ಸೇರಿದರಂತೆ. ದಾರಿಯಲ್ಲಿ ಲಂಬಾಣಿ ತಾಂಡಾದ ಹೆಣ್ಣುಮಗಳೊಬ್ಬಳು ಕೊಟ್ಟ ನೀರನ್ನು ಅಜ್ಜಿ ಗಟಗಟ ಕುಡಿದಳು ಎಂದು ಅಪ್ಪ ಹೇಳುತ್ತಿದ್ದ. ಕುಡಿದೇ ಇಲ್ಲ ಎಂದು ಅಜ್ಜಿ. ಈ ವ್ಯಾಜ್ಯ ಕಡೆಯ ತನಕ ತೀರ್ಮಾನವಾಗಲಿಲ್ಲ. ಗಾಡಿಯನ್ನು ಗುಜರಿಯವರು ಅಲ್ಲಿಂದಲೇ ಒಯ್ದರು.

ಜೀಪಿನೊಳಗೆ ಉಸಿರಾಡಲು ಜಾಗವಿರಲಿಲ್ಲ. ನಾನು ಹಿಂದೆಂದೂ ಅಷ್ಟು ಜನರ ಮೈಗೆ ಮೈ ಹಚ್ಚಿ ಕೂತಿರಲಿಲ್ಲ. ಬೆವರು, ಬೀಡಿ, ಒಣಮೀನಿನ ವಾಸನೆ. ನನ್ನ ಕಾಲ ಕೆಳಗೆ ಯಾರದೋ ಕೋಳಿ. ಹಣೆಗೆ ದೊಡ್ಡ ಕುಂಕುಮವಿಟ್ಟ ಹೆಂಗಸೊಬ್ಬಳು "ರಾ ತಲ್ಲಿ, ಕೂಚೋ" ಎಂದು ನನ್ನನ್ನು ತೊಡೆಯ ಮೇಲೆ ಎಳೆದುಕೊಂಡಳು. ತೆಲುಗು ನನಗೆ ಬರುತ್ತಿರಲಿಲ್ಲ, ತೊಡೆ ಅರ್ಥವಾಯಿತು. ಒಬ್ಬರನ್ನು ಇಳಿಸಲು ಜೀಪು ನಿಲ್ಲುತ್ತಿತ್ತು, ಚೀಲ ಇಳಿಸಲು ನಿಲ್ಲುತ್ತಿತ್ತು, ಬಾಡಿಗೆಯ ಜಗಳಕ್ಕೆ ನಿಲ್ಲುತ್ತಿತ್ತು. ಪ್ರತಿ ಸಲ ನಿಂತಾಗಲೂ ಹೊರಗೆ ಕಂಬಿ ಹಿಡಿದಿದ್ದ ಅಮ್ಮನ ಬೆರಳ ಗೆಣ್ಣುಗಳು ಬೆಳ್ಳಗಾಗುತ್ತಿದ್ದವು. ಇಸ್ತ್ರಿ ಸೀರೆ ಕೆಂಪು ಧೂಳಿನಿಂದ ಬೇರೆ ಸೀರೆಯೇ ಆಗಿತ್ತು. ನನಗೆ ಅಳು ಬರುವಷ್ಟು ಭಯವಾಗಿತ್ತು, ಅಡವಿಗಲ್ಲ, ಜನರಿಗಲ್ಲ. ಶಾಲೆಯ ಬಾಗಿಲು ಹಾಕಿದ್ದರೆ ಅಮ್ಮ ಈ ಮುಖದೊಂದಿಗೆ ನಮ್ಮ ಮನೆಗೆ ಹೇಗೆ ಮರಳುತ್ತಾಳೆ ಎಂಬುದಕ್ಕೆ. ಆ ಮುಖ ಮತ್ತೆ ಸೌಟು ಹಿಡಿಯುವ ಮುಖವಾಗಿರಲಿಲ್ಲ.

ಬಾಗಿಲು ಹಾಕಿತ್ತು. ಅಂಗಳದಲ್ಲಿ ಮಕ್ಕಳಿಲ್ಲ, ಧ್ವಜದ ಕಂಬದ ನೆರಳು ಉದ್ದಕ್ಕೆ ಮಲಗಿತ್ತು. ಬಿಳಿ ಅಂಗಿಯ ಹಿರಿಯ ಹೆಡ್‌ಮಾಸ್ತರರು ಆಫೀಸಿನ ಕೀಲಿಯನ್ನು ಆಗಷ್ಟೇ ಜೇಬಿಗೆ ಹಾಕಿಕೊಂಡು ಮೆಟ್ಟಿಲು ಇಳಿಯುತ್ತಿದ್ದರು. ಅಮ್ಮ ನನ್ನ ಕೈ ಹಿಡಿದು ಓಡಿದಳು. ಅವರ ಎದುರಿಗೆ ಹೋಗಿ ನಿಂತಾಗ ಮಾತಾಡಲು ಉಸಿರಿರಲಿಲ್ಲ; ಚೀಲದಿಂದ ಆರ್ಡರ್ ತೆಗೆದು ಮುಂದೆ ಹಿಡಿದಳು. ಅವರು ಅದನ್ನು ಓದಿದರು, ಧೂಳು ಮೆತ್ತಿದ ಅವಳನ್ನು ಕಾಲಿನಿಂದ ತಲೆಯ ತನಕ ನೋಡಿದರು, ಆಮೇಲೆ ಅವಳ ಹಿಂದಿನ ಖಾಲಿ ದಾರಿ ನೋಡಿದರು.

"ಇವತ್ತಿಗಿ ಮುಗೀತು ಅಂದ್ಕೊಂಡಿದ್ದೆ ನೋಡಮ್ಮಾ, ಯಾರೂ ಬರಲ್ಲ ಅಂತ. ಒಬ್ಬರೇ ಬಂದೀರೇನು? ಜೋಡಿ ಯಾರೂ ಇಲ್ಲಾ? ಯಜಮಾನ್ರು ಬರ್ಲಿ, ಕೂತು ಮಾತಾಡಿ, ಊರು ಸೇರ್ತದೋ ಇಲ್ಲೋ ನೋಡ್ಕೊಂಡು..."

"ಅವರು ಬರೂದಿಲ್ರಿ" ಎಂದಳು ಅಮ್ಮ. "ಗಾಡಿ ಕೆಟ್ಟು ದಾರ್‍ಯಾಗ ನಿಂತದ. ನಾ ಬಂದೀನಿ. ಬಾಗಲಾ ತಗೀರಿ."

ಅವರು ತೆಗೆದರು.